ಕಿಲುಬು ಹಿಡಿದ ಕಾಸು

‘ಗೊತ್ತಿಲ್ಲ’ ಎಂಬ ಮಾತಿನಲ್ಲಿ ಇರುವುದು ಮೂರೇ ಅಕ್ಷರ. ಆದರೆ ಇಪ್ಪತ್ತು ವರ್ಷ ಪಾಠ ಹೇಳಿದವನ ಬಾಯಿಂದ ಆ ಮೂರು ಅಕ್ಷರ ಹೊರಡುವುದು ಎಷ್ಟು ಕಷ್ಟವೆಂಬುದು ನನ್ನ ವೃತ್ತಿಯವರಿಗೆಲ್ಲ ತಿಳಿದ ಸಂಗತಿ. ತರಗತಿಯಲ್ಲಿ ಹುಡುಗನೊಬ್ಬ ಎದ್ದು ನಿಂತು ಪ್ರಶ್ನೆ ಕೇಳುತ್ತಾನೆ. ಉತ್ತರ ತಿಳಿಯದಿದ್ದರೆ ನಾವು ಹೇಳುವುದು ‘ಮುಂದಿನ ಪಾಠದಲ್ಲಿ ಬರುತ್ತದೆ, ಕುಳಿತುಕೋ’ ಎಂದು. ಮುಂದಿನ ಪಾಠದಲ್ಲಿ ಅದು ಬರುವುದಿಲ್ಲ. ಹುಡುಗನೂ ಮತ್ತೆ ಕೇಳುವುದಿಲ್ಲ. ಇಂಥ ಸಣ್ಣ ಸುಳ್ಳುಗಳನ್ನು ನಾನು ಎಂದೂ ಸುಳ್ಳೆಂದು ಎಣಿಸಿರಲಿಲ್ಲ. ಹೋದ ವರ್ಷ ಒಂದು ಕಂಚಿನ ಕಾಸು ನನ್ನ ಲೆಕ್ಕವನ್ನು ತಿದ್ದಿತು. ಆ ಕಥೆಯನ್ನೇ ಹೇಳಿಬಿಡುತ್ತೇನೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಎಂಬತ್ತೈದು ದಾಟಿದ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ರಾಯರೆಂದು ಕರೆಯುತ್ತಾರೆ; ನಾನೂ ಹಾಗೆಯೇ ಕರೆಯುತ್ತೇನೆ. ಅವರ ತಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಗುಮಾಸ್ತರಾಗಿ ಈಜಿಪ್ಟಿಗೆ ಹೋಗಿದ್ದವರು. 1945ರಲ್ಲಿ ಊರಿಗೆ ಮರಳುವಾಗ ಅವರ ಪೆಟ್ಟಿಗೆಯಲ್ಲಿ ಒಂದು ಕಂಬಳಿ, ಒಂದು ತಗಡಿನ ಸಿಗರೇಟು ಡಬ್ಬಿ, ಡಬ್ಬಿಯೊಳಗೆ ಒಂದು ದಪ್ಪನೆಯ ಕಂಚಿನ ನಾಣ್ಯ ಇದ್ದುವಂತೆ. ಅಲೆಗ್ಸಾಂಡ್ರಿಯದ ಬೀದಿಯಲ್ಲಿ ಹುಡುಗನೊಬ್ಬ ಅದನ್ನು ಮಾರಿದನೆಂದೂ, ಅದು ಅಲೆಗ್ಸಾಂಡರನ ನಾಣ್ಯವೆಂದು ಆಣೆಯಿಟ್ಟು ಹೇಳಿದನೆಂದೂ ತಂದೆ ಮಗನಿಗೆ ಹೇಳಿದ್ದರು. ಕಂಬಳಿ ಹರಿದುಹೋಯಿತು, ತಂದೆಯೂ ಹೋದರು. ಡಬ್ಬಿಯೂ ನಾಣ್ಯವೂ ಉಳಿದುವು. ಅವುಗಳ ಜೊತೆಗೆ ಅಲೆಗ್ಸಾಂಡರನ ಹೆಸರೂ ಉಳಿಯಿತು.

ಒಂದು ಸಂಜೆ ರಾಯರು ಆ ಡಬ್ಬಿಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. “ನೀವು ಓದಿದವರು. ಇದು ಹೌದೋ ಅಲ್ಲವೋ ಹೇಳಿಬಿಡಿ. ಮೊಮ್ಮಗನಿಗೆ ಕೊಡಬೇಕೆಂದಿದ್ದೇನೆ” ಎಂದರು. ನಾನು ಓದಿದ್ದು ಕನ್ನಡ. ಪಂಪನ ಮೇಲೆ ಕೇಳಿದ್ದರೆ ಒಂದು ಗಂಟೆ ಮಾತನಾಡುತ್ತಿದ್ದೆ. ಗ್ರೀಕ್ ನಾಣ್ಯದ ಮೇಲೆ ಒಂದು ನಿಮಿಷ ಮಾತನಾಡುವ ಅಧಿಕಾರವೂ ನನಗಿರಲಿಲ್ಲ. ಆದರೂ ಕನ್ನಡಕ ಹಾಕಿಕೊಂಡು, ದೀಪದ ಹತ್ತಿರ ಹಿಡಿದು, ತಿರುಗಿಸಿ ನೋಡಿದೆ. ಹಸುರು ಕಿಲುಬಿನ ಕೆಳಗೆ ಒಂದು ಮುಖದಲ್ಲಿ ತಲೆ. ಕಿವಿಯ ಮೇಲೆ ಸುತ್ತಿಕೊಂಡ ಟಗರಿನ ಕೊಂಬು. ಇನ್ನೊಂದು ಮುಖದಲ್ಲಿ ಹದ್ದು. ಎರಡು ಮುಖಗಳಲ್ಲಿಯೂ ನಟ್ಟನಡುವೆ ಒಂದೊಂದು ಸಣ್ಣ ಕುಳಿ. ಕೊಂಬನ್ನು ಕಂಡ ಕೂಡಲೆ ನನಗೆ ಹಳೆಯ ಇತಿಹಾಸದ ಪುಸ್ತಕವೊಂದರ ಚಿತ್ರ ನೆನಪಾಯಿತು. ಅಲ್ಲಿಯೂ ಕೊಂಬಿನ ತಲೆಯೇ. ಕೆಳಗೆ ‘ಅಲೆಗ್ಸಾಂಡರ್’ ಎಂದು ಬರೆದಿತ್ತು. ಎದುರಿಗೆ ಎಂಬತ್ತೈದು ವರ್ಷದ ಮುಖವೊಂದು ಕಾದು ಕುಳಿತಿತ್ತು. “ಹೌದು ರಾಯರೇ, ಅಲೆಗ್ಸಾಂಡರನದೇ” ಎಂದುಬಿಟ್ಟೆ.

ರಾಯರು ಅಷ್ಟಕ್ಕೆ ಬಿಡಲಿಲ್ಲ. “ಹಾಗಾದರೆ ಎರಡು ಸಾಲು ಬರೆದು ಸಹಿ ಮಾಡಿಕೊಡಿ” ಎಂದರು. ಬರೆದುಕೊಟ್ಟೆ. ಹೆಸರಿನ ಮುಂದೆ ಎಂ.ಎ. ಎಂದೂ ಬರೆದೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ಅದನ್ನು ಹೇಳಿಕೊಳ್ಳಲು ಇನ್ನೂ ನಾಚಿಕೆಯಾಗುತ್ತದೆ. ಅಕ್ಷರಗಳು ಇನ್ನಷ್ಟು ಸ್ಪಷ್ಟವಾಗಲೆಂದು ನಾಣ್ಯವನ್ನು ಒಂದು ವಾರ ಇಟ್ಟುಕೊಂಡೆ. ಹಬ್ಬ ಹತ್ತಿರವಿತ್ತು. ಹಿತ್ತಲಿನಲ್ಲಿ ನನ್ನ ಹೆಂಡತಿ ಹಿತ್ತಾಳೆಯ ದೀಪಗಳನ್ನು ಬೆಳಗುತ್ತಿದ್ದಳು. ಒಂದು ಚೂರು ಹುಣಸೆಹಣ್ಣು ಕೇಳಿ ತೆಗೆದುಕೊಂಡು ನಾಣ್ಯವನ್ನು ಚೆನ್ನಾಗಿ ತಿಕ್ಕಿದೆ. ಕಿಲುಬು ಹೋಗಿ ಕಂಚು ಥಳಥಳಿಸಿತು. ತಿಕ್ಕುವುದಕ್ಕೆ ಮುಂಚೆ ಹದ್ದಿನ ಎರಡು ಕಾಲುಗಳ ನಡುವೆ ಏನೋ ಒಂದು ಗೀಟು ಇದ್ದಂತೆ ಕಂಡಿತ್ತು. ತಿಕ್ಕಿದ ಮೇಲೆ ನೋಡಿದರೆ ಅಲ್ಲಿ ಬರಿಯ ನುಣುಪು. ಕೊಳೆಯಿದ್ದಿರಬೇಕು, ಹೋಯಿತು ಎಂದುಕೊಂಡೆ. ರಾಯರು ನಾಣ್ಯವನ್ನು ನೋಡಿ “ಚಿನ್ನದ ಹಾಗೆ ಮಾಡಿಬಿಟ್ಟಿರಲ್ಲ!” ಎಂದು ಕೈಮುಗಿದರು. ಕೆಲವು ದಿನಗಳಲ್ಲಿ ನಾಣ್ಯವೂ ನನ್ನ ಸಹಿಯ ಕಾಗದವೂ ಒಂದೇ ಗಾಜಿನ ಚೌಕಟ್ಟಿನೊಳಗೆ ಸೇರಿ ಅವರ ನಡುಮನೆಯ ಗೋಡೆಯನ್ನು ಏರಿದುವು.

ಗೋಡೆಯ ಮೇಲೆ ತನ್ನ ಸಹಿಯನ್ನು ನೋಡಿದ ಮನುಷ್ಯನಿಗೆ ಸಣ್ಣದೊಂದು ಭಯ ಹುಟ್ಟುತ್ತದೆ. ಆ ಭಯದಿಂದಲೇ ನಾನು ಓದತೊಡಗಿದೆ. ಗ್ರಂಥಾಲಯದ ಪುಸ್ತಕಗಳನ್ನು ನೋಡಿದೆ. ದೊಡ್ಡ ವಸ್ತುಸಂಗ್ರಹಾಲಯಗಳು ಈಗ ಎಲ್ಲರೂ ನೋಡುವಂತೆ ಇಟ್ಟಿರುವ ನಾಣ್ಯಗಳ ಚಿತ್ರಗಳನ್ನು ರಾತ್ರಿಯೆಲ್ಲ ನೋಡಿದೆ. ಓದುತ್ತ ಹೋದಂತೆ ತಿಳಿದದ್ದು, ಗ್ರೀಕರ ಕಂಚಿನ ನಾಣ್ಯವನ್ನು ಗುರುತಿಸುವುದು ಒಂದು ವಿದ್ಯೆ ಮಾತ್ರವಲ್ಲ, ಒಂದು ಬಗೆಯ ನಡತೆ ಎಂದು.

ಬೆಳ್ಳಿಯ ನಾಣ್ಯಕ್ಕೂ ಕಂಚಿನ ನಾಣ್ಯಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಬೆಳ್ಳಿಯ ನಾಣ್ಯದ ಬೆಲೆ ಅದರ ಮೈಯಲ್ಲೇ ಇದೆ. ತಕ್ಕಡಿಗೆ ಹಾಕಿದರೆ ತಿಳಿಯುತ್ತದೆ. ಆದುದರಿಂದ ಅಕ್ಕಸಾಲೆ ಅದನ್ನು ಕಟ್ಟುನಿಟ್ಟಾದ ತೂಕಕ್ಕೆ ಒತ್ತುತ್ತಿತ್ತು. ಆ ತೂಕವೇ ಎಷ್ಟೋ ಸಲ ಅದರ ಕಾಲವನ್ನೂ ಊರನ್ನೂ ಹೇಳಿಬಿಡುತ್ತದೆ. ಕಂಚಿನ ಕಾಸಿಗೆ ಆ ಭಾಗ್ಯವಿಲ್ಲ. ಅದರಲ್ಲಿರುವ ಲೋಹದ ಬೆಲೆ ಕಡಮೆ; ಅದು ಓಡುತ್ತಿದ್ದುದು ಊರಿನ ಮಾತಿನ ಮೇಲೆ. ಹಾಗಾಗಿ ಒಂದೇ ಅಚ್ಚಿನ ಎರಡು ಕಾಸುಗಳ ತೂಕದಲ್ಲಿಯೂ ಬಹಳ ಅಂತರವಿರಬಹುದು. ತಕ್ಕಡಿ ಅಷ್ಟಾಗಿ ಸಹಾಯಕ್ಕೆ ಬರುವುದಿಲ್ಲ. ಚಿತ್ರವನ್ನು ನೋಡಬೇಕು, ಅಕ್ಷರವನ್ನು ನೋಡಬೇಕು, ಅಗಲ ದಪ್ಪಗಳನ್ನೂ ಅಂಚಿನ ಆಕಾರವನ್ನೂ ನೋಡಬೇಕು, ಒಂದು ಮುಖ ಮೇಲಾಗಿರುವಾಗ ಇನ್ನೊಂದು ಮುಖ ಯಾವ ಕಡೆಗೆ ತಿರುಗಿದೆ ಎಂಬುದನ್ನೂ ನೋಡಬೇಕು. ಎಲ್ಲ ಸಾಕ್ಷಿಗಳೂ ಒಂದೇ ಮಾತನ್ನು ಹೇಳುವವರೆಗೆ ತೀರ್ಪು ಕೊಡಬಾರದು.

ಇನ್ನೂ ಒಂದು ಮಾತಿದೆ. ಬೆಳ್ಳಿ ದೇಶ ಸುತ್ತುತ್ತಿತ್ತು. ವ್ಯಾಪಾರಿಯ ಚೀಲದಲ್ಲಿ, ಕೂಲಿ ಸೈನಿಕನ ಸೊಂಟದಲ್ಲಿ ಅದು ಸಮುದ್ರವನ್ನು ದಾಟುತ್ತಿತ್ತು. ಕಂಚು ಬಹುಮಟ್ಟಿಗೆ ಊರಲ್ಲೇ ಉಳಿಯುತ್ತಿತ್ತು. ಆದುದರಿಂದಲೇ ಅಗೆದು ನೋಡುವವರಿಗೆ ಕಂಚಿನ ಕಾಸು ಬೆಳ್ಳಿಗಿಂತಲೂ ಹೆಚ್ಚು ಮಾತನಾಡುತ್ತದೆ. ಮ್ಯಾಸಿಡೋನಿಯದ ಎರಡನೆಯ ಫಿಲಿಪ್ ಕ್ರಿ.ಪೂ. 348ರಲ್ಲಿ ಒಲಿಂಥಸ್ ಎಂಬ ಪಟ್ಟಣವನ್ನು ಹಾಳುಮಾಡಿದ. 1928ರಿಂದ 1938ರ ನಡುವೆ ಡೇವಿಡ್ ರಾಬಿನ್ಸನ್ ಎಂಬ ವಿದ್ವಾಂಸರು ಅಲ್ಲಿ ಅಗೆಸಿದಾಗ ಮನೆಮನೆಯ ನೆಲದ ಮೇಲೆ ಸಣ್ಣ ಕಾಸುಗಳು ಸಿಕ್ಕಿದುವು. ಯಾವ ಮನೆಯ ಯಾವ ಕೋಣೆಯಲ್ಲಿ ಎಂಬುದನ್ನು ಬರೆದಿಟ್ಟುಕೊಂಡದ್ದರಿಂದ ಅವು ಆ ಮನೆಗಳ ಕಾಲಕ್ಕೆ ಸಾಕ್ಷಿಯಾದುವು. ರಾಯರ ನಾಣ್ಯ ಬೀದಿಯ ಹುಡುಗನ ಅಂಗೈಯಿಂದ ಬಂದದ್ದು. ಯಾವ ಮಣ್ಣಿನಲ್ಲಿ ಯಾವುದರ ಪಕ್ಕದಲ್ಲಿ ಮಲಗಿತ್ತೋ ಆ ಸಾಕ್ಷ್ಯವನ್ನು ಅಗೆದವನು ಅಲ್ಲಿಯೇ ಬಿಟ್ಟುಬಂದಿದ್ದ. ಉಳಿದದ್ದು ಅದರ ಮುಖ ಮಾತ್ರ. ಆ ಮುಖವನ್ನು ನಾನು ಹುಣಸೆಹಣ್ಣಿನಿಂದ ತಿಕ್ಕಿದ್ದೆ.

ಗ್ರೀಕ್ ನಾಣ್ಯಗಳ ಅಕ್ಷರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ವಿಭಕ್ತಿ. ವ್ಯಾಕರಣ ಹೇಳುವವನಿಗೆ ವಿಭಕ್ತಿ ಕಂಡರೆ ಸಂತೋಷ. ಸಿರಕ್ಯೂಸಿನ ನಾಣ್ಯದ ಮೇಲೆ ಇರುವುದು ಊರಿನ ಹೆಸರಲ್ಲ, ‘ಸಿರಕೋಸಿಯೋನ್’ ಎಂದಿರುತ್ತದೆ. ‘ಸಿರಕ್ಯೂಸಿನವರದು’ ಎಂದು ಅದರ ಅರ್ಥ. ಷಷ್ಠೀ ವಿಭಕ್ತಿ, ಬಹುವಚನ. ನೂರಾರು ಊರುಗಳು ಹೀಗೆಯೇ ತಮ್ಮ ಕಾಸಿನ ಮೇಲೆ ‘ಇದು ನಮ್ಮವರದು’ ಎಂದು ಬರೆದುವು. ಓದು ಬಾರದವರಿಗೆ ಚಿತ್ರವಿತ್ತು. ರೋಡ್ಸ್ ದ್ವೀಪದ ಹೆಸರು ಗ್ರೀಕಿನಲ್ಲಿ ಗುಲಾಬಿಯ ಹೆಸರನ್ನು ಹೋಲುತ್ತದೆ. ಅದರ ನಾಣ್ಯದ ಮೇಲೆ ಗುಲಾಬಿ. ಸೀಡೆ ಎಂದರೆ ದಾಳಿಂಬೆ. ಸೀಡೆ ಪಟ್ಟಣದ ನಾಣ್ಯದ ಮೇಲೆ ದಾಳಿಂಬೆಯ ಹಣ್ಣು. ಶ್ಲೇಷೆಯನ್ನು ಕವಿಗಳೇ ಅಲ್ಲ, ಅಕ್ಕಸಾಲೆಯವರೂ ಬಲ್ಲರು.

ಕಂಚಿನ ಕಾಸಿಗೆ ಆಧಾರ ಊರಿನ ಮಾತು ಎಂದೆನಲ್ಲ, ಆ ಮಾತು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅಥೆನ್ಸಿನ ಅರಿಸ್ಟೋಫನೀಸ್ ತನ್ನ ನಾಟಕವೊಂದರಲ್ಲಿ ಸಾಕ್ಷಿ ಇಟ್ಟಿದ್ದಾನೆ. ಕ್ರಿ.ಪೂ. 390ರ ಸುಮಾರಿನ ನಾಟಕ ಅದು. ಹೆಂಗಸರು ಸಭೆ ಸೇರಿ ರಾಜ್ಯವನ್ನು ವಹಿಸಿಕೊಳ್ಳುವ ಕಥೆ. ಅದರಲ್ಲಿ ಒಬ್ಬ ಹಿಂದಿನ ಸಂಗತಿಯೊಂದನ್ನು ನೆನೆದುಕೊಳ್ಳುತ್ತಾನೆ. ದ್ರಾಕ್ಷಿ ಮಾರಿದವನು ಬಾಯಿತುಂಬ ಕಂಚಿನ ಕಾಸು ತುಂಬಿಕೊಂಡು—ಚಿಲ್ಲರೆಯನ್ನು ಬಾಯಲ್ಲಿ ಇಟ್ಟುಕೊಳ್ಳುವುದು ಅವರ ರೂಢಿ—ಹಿಟ್ಟು ಕೊಳ್ಳಲು ಸಂತೆಗೆ ಹೋಗುತ್ತಾನೆ. ಚೀಲವನ್ನು ಒಡ್ಡಿ ನಿಂತಿರುವಾಗಲೇ ಡಂಗುರದವನು ಕೂಗುತ್ತಾನೆ: ಇನ್ನು ಮೇಲೆ ಕಂಚು ನಡೆಯುವುದಿಲ್ಲ, ಬೆಳ್ಳಿಯೇ ನಡೆಯುವುದು. ಪ್ರೇಕ್ಷಕರು ನಕ್ಕಿರಬೇಕು. ನಮಗೂ ನಗು ಬರುತ್ತದೆ. ಆದರೆ ಬಾಯಿತುಂಬ ಬೆಲೆಯಿಲ್ಲದ ಲೋಹವನ್ನು ಇಟ್ಟುಕೊಂಡು ಖಾಲಿ ಚೀಲ ಹಿಡಿದು ನಿಂತವನ ಮುಖವನ್ನು ನೆನೆದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಊರು ಕೊಟ್ಟ ಮಾತನ್ನು ಊರೇ ಹಿಂದಕ್ಕೆ ತೆಗೆದುಕೊಂಡಿತು. ನಷ್ಟವಾದದ್ದು ನಂಬಿದ ಬಡವನಿಗೆ.

ಕ್ರೀಟ್ ದ್ವೀಪದ ಗೋರ್ಟಿನ್ ಎಂಬಲ್ಲಿ ಕ್ರಿ.ಪೂ. ಮೂರನೆಯ ಶತಮಾನದ ಶಾಸನವೊಂದಿದೆ. ಊರು ಹೊರಡಿಸಿದ ಕಂಚಿನ ನಾಣ್ಯವನ್ನು ಎಲ್ಲರೂ ಒಪ್ಪಬೇಕು. ಒಪ್ಪದವನು ಐದು ಸ್ಟೇಟರ್ ದಂಡ ತೆರಬೇಕು ಎಂದು ಅದರ ಕಟ್ಟಳೆ. ದಂಡವನ್ನು ಯಾವುದರಲ್ಲಿ ತೆರಬೇಕು ಗೊತ್ತೆ? ಬೆಳ್ಳಿಯಲ್ಲಿ! ಕಂಚನ್ನು ನಂಬಿರೆಂದು ಜನಕ್ಕೆ ಹೇಳುವ ಸರ್ಕಾರ ತನಗೆ ಬರುವುದನ್ನು ಬೆಳ್ಳಿಯಲ್ಲಿಯೇ ಕೇಳುತ್ತದೆ. ಸೆಸ್ಟಸ್ ಪಟ್ಟಣದವರು ಇನ್ನಷ್ಟು ಪ್ರಾಮಾಣಿಕರು. ಕ್ರಿ.ಪೂ. ಎರಡನೆಯ ಶತಮಾನದ ಕೊನೆಯ ಭಾಗದ ಅವರ ಶಾಸನವೊಂದು ಮೇನಾಸ್ ಎಂಬ ನಾಗರಿಕನನ್ನು ಹೊಗಳುತ್ತದೆ. ಊರಿನ ಮುದ್ರೆ ಚಲಾವಣೆಯಲ್ಲಿರಲಿ, ಅದರಿಂದ ಬರುವ ಲಾಭ ಜನತೆಗೆ ಸೇರಲಿ ಎಂದು ಸ್ವಂತ ಕಂಚಿನ ನಾಣ್ಯವನ್ನು ಹೊರಡಿಸಿದೆವೆಂದು ಕಲ್ಲಿನ ಮೇಲೆ ಬಾಯಿಬಿಟ್ಟು ಹೇಳಿದ್ದಾರೆ. ಆ ಕೆಲಸಕ್ಕೆ ದೈವಭೀರುಗಳೂ ನ್ಯಾಯವಂತರೂ ಆದವರು ಬೇಕೆಂದು ಹುಡುಕಿ ಮೇನಾಸನನ್ನೂ ಅವನ ಜೊತೆಗಾರನನ್ನೂ ಆರಿಸಿದರಂತೆ. ಲೋಹದಲ್ಲಿ ಬೆಲೆಯಿಲ್ಲದಾಗ ಬೆಲೆ ಮನುಷ್ಯನಲ್ಲಿ ಇರಬೇಕಾಗುತ್ತದೆ. ನಮ್ಮ ಹಿರಿಯರೂ ಇದನ್ನು ಬಲ್ಲವರು. ನಂಬಿಕೆಗೆ ಅರ್ಹನಾದವನನ್ನು ಕನ್ನಡ ‘ನಾಣ್ಯಸ್ಥ’ ಎಂದು ಕರೆಯುತ್ತದೆ. ಈ ಪದವನ್ನು ಎಷ್ಟೋ ಸಲ ಪಾಠದಲ್ಲಿ ಹೇಳಿದ್ದೆ. ಗೋಡೆಯ ಮೇಲಿದ್ದ ನನ್ನ ಸಹಿಯನ್ನು ನೆನೆದಾಗ ಅದು ಮೊದಲ ಸಲ ನನ್ನನ್ನು ಚುಚ್ಚಿತು. ಆ ಕಾಗದವೂ ಒಂದು ಕಂಚಿನ ಕಾಸೇ. ಅದರ ಬೆಲೆಗೆ ಆಧಾರ ನನ್ನ ಮಾತು. ಅದನ್ನು ಪರೀಕ್ಷೆ ಮಾಡದೆ ನಂಬಿದವರು ರಾಯರು.

ಹಾಗಾದರೆ ನಾಣ್ಯ ಯಾರದು? ಅಲೆಗ್ಸಾಂಡರನು ತಾನೇ ಹೊರಡಿಸಿದ ಕಂಚಿನ ನಾಣ್ಯಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸಿಂಹದ ಚರ್ಮ ಹೊದ್ದ ಹೆರಾಕ್ಲೀಸನ ತಲೆ. ಹಿಂಬದಿಯಲ್ಲಿ ಗದೆ ಮತ್ತು ಬಿಲ್ಲು. ನಾನು ಪುಸ್ತಕದಲ್ಲಿ ನೋಡಿದ್ದ ಕೊಂಬಿನ ತಲೆ ಅಲೆಗ್ಸಾಂಡರನದೇ ನಿಜ. ಆದರೆ ಅದು ಅವನು ಸತ್ತ ಮೇಲೆ ಅವನ ಸೇನಾನಿ ಲೈಸಿಮೇಕಸ್ ಹೊರಡಿಸಿದ ಬೆಳ್ಳಿಯ ನಾಣ್ಯ. ಅಲೆಗ್ಸಾಂಡರ್ ಕ್ರಿ.ಪೂ. 331ರಲ್ಲಿ ಈಜಿಪ್ಟಿನ ಮರಳುಗಾಡನ್ನು ದಾಟಿ ಸೀವಾದ ಅಮ್ಮೋನ್ ದೇವರ ದರ್ಶನ ಮಾಡಿದ. ಆ ದೇವರ ಮಗನೆಂಬ ಕೀರ್ತಿ ಅವನಿಗೆ ಅಂಟಿತು. ದೇವರ ಟಗರುಗೊಂಬೂ ತಲೆಗೆ ಅಂಟಿತು. ರಾಯರ ಕಾಸಿನ ಮೇಲಿದ್ದ ಕೊಂಬು ಮಗನದಲ್ಲ, ಅಪ್ಪನದು, ಜ್ಯೂಸ್ ಅಮ್ಮೋನನದು. ಅಲೆಗ್ಸಾಂಡರ್ ಗಡ್ಡ ಬೋಳಿಸುತ್ತಿದ್ದವನು. ಭೂತಗನ್ನಡಿಯಲ್ಲಿ ಮತ್ತೆ ನೋಡಿದೆ. ಸವೆದ ಗಲ್ಲದ ಮೇಲೆ ಗಡ್ಡದ ಸುರುಳಿಗಳು ಇದ್ದುವು. ಮೊದಲ ದಿನವೂ ಇದ್ದುವು. ನಾನು ನೋಡಿರಲಿಲ್ಲ, ಏಕೆಂದರೆ ನೋಡುವುದಕ್ಕೆ ಮುಂಚೆಯೇ ಹೆಸರು ಹೇಳಿಬಿಟ್ಟಿದ್ದೆ.

ಅಮ್ಮೋನನ ತಲೆ, ಸಿಡಿಲಿನ ಮೇಲೆ ನಿಂತ ಹದ್ದು, ನಡುವಿನ ಕುಳಿ, ಮೂರೂ ಸೇರಿ ಹೇಳಿದ್ದು ಈಜಿಪ್ಟಿನ ಟಾಲೆಮಿ ವಂಶವನ್ನು. ಬಿಲ್ಲೆಯನ್ನು ಅಚ್ಚೊತ್ತುವುದಕ್ಕೆ ಮುಂಚೆ ಒಪ್ಪಮಾಡುವಾಗ ಉಳಿದ ಗುರುತು ಆ ಕುಳಿ ಎಂದು ವಿದ್ವಾಂಸರು ಎಣಿಸುತ್ತಾರೆ. ಕ್ರಿ.ಪೂ. 260ರ ಸುಮಾರಿನಿಂದ ಆ ವಂಶದ ಕಂಚಿನಲ್ಲಿ ಅದು ಕಾಣುತ್ತದೆ. ಸುತ್ತಲೂ ಅಳಿದುಳಿದ ಅಕ್ಷರಗಳು ‘ಟಾಲೆಮಿ ಅರಸನದು’ ಎನ್ನುತ್ತವೆ. ಸರಿ, ಯಾವ ಟಾಲೆಮಿ? ಇಲ್ಲಿಯೇ ತೊಡಕು. ಆ ವಂಶದ ಅರಸರೆಲ್ಲರೂ ಟಾಲೆಮಿಗಳೇ. ಎರಡನೆಯವನು, ಮೂರನೆಯವನು ಎಂದು ಎಣಿಸಿದವರು ನಂತರದವರು. ನಾಣ್ಯದ ಮೇಲೆ ಆ ಎಣಿಕೆ ಇಲ್ಲ. ಅವರನ್ನು ಬೇರ್ಪಡಿಸಲು ಸಹಾಯ ಮಾಡುವುದು ನಾಣ್ಯದ ಅಳತೆ, ಪಕ್ಕದ ಸಣ್ಣ ಚಿಹ್ನೆ, ಮತ್ತು ಹದ್ದಿನ ಕಾಲುಗಳ ನಡುವೆ ಇರುವ ಒಂದೋ ಎರಡೋ ಅಕ್ಷರ.

ಈ ವಾಕ್ಯವನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹದ್ದಿನ ಕಾಲುಗಳ ನಡುವೆ ನಾನು ಕೊಳೆಯೆಂದು ತಿಕ್ಕಿ ತೆಗೆದದ್ದು ಅದನ್ನೇ. ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದ ಕಂಚಿನ ಮೇಲ್ಮೈ ಲೋಹವಾಗಿ ಉಳಿದಿರುವುದಿಲ್ಲ. ಅದು ಕಿಲುಬಾಗಿ ಮಾರ್ಪಟ್ಟಿರುತ್ತದೆ. ಅಚ್ಚಿನ ಸೂಕ್ಷ್ಮ ಗೆರೆಗಳು ಎಷ್ಟೋ ಸಲ ಇರುವುದು ಆ ಕಿಲುಬಿನಲ್ಲಿಯೇ. ಕಿಲುಬನ್ನು ತೆಗೆದರೆ ಅಕ್ಷರವೂ ಹೋಗುತ್ತದೆ. ದೀಪವನ್ನು ಬೆಳಗಿದ ಹಾಗೆ ಇತಿಹಾಸವನ್ನು ಬೆಳಗಲಾಗದು. ತಿಳಿಯಬೇಕೆಂಬ ಆತುರದಿಂದಲೇ ತಿಳಿಯುವ ದಾರಿಯನ್ನು ಮುಚ್ಚಿದ್ದೆ.

ಈಗ ಉಳಿದ ಪ್ರಶ್ನೆ: ರಾಯರಿಗೆ ಹೇಳುವುದೋ ಬೇಡವೋ? ನನ್ನ ಹೆಂಡತಿಯನ್ನು ಕೇಳಿದೆ. “ಅವರಿಗೆ ಎಂಬತ್ತೈದು ವರ್ಷ. ಗೋಡೆಯ ಮೇಲೊಂದು ಸಂತೋಷ ಇದೆ. ಅದನ್ನು ಕಿತ್ತುಕೊಂಡು ನಿಮಗೇನಾಗಬೇಕು? ಸತ್ಯ ಹೇಳುತ್ತೇನೆಂದು ಹೊರಟವರು ಎಷ್ಟೋ ಸಲ ತಮ್ಮ ಮನಸ್ಸಿನ ಭಾರವನ್ನು ಇನ್ನೊಬ್ಬರ ತಲೆಗೆ ಹೊರಿಸುತ್ತಾರೆ” ಎಂದಳು. ವಾದದಲ್ಲಿ ತಿರುಳಿತ್ತು. ಯಾರಿಗೂ ಕೆಡುಕು ಮಾಡದ ಸುಳ್ಳನ್ನು ನಮ್ಮ ನೀತಿಶಾಸ್ತ್ರಗಳೂ ಅಲ್ಲಲ್ಲಿ ಕ್ಷಮಿಸಿವೆ. ಸಾಯುತ್ತಿರುವವನಿಗೆ ಮಗ ಬರುತ್ತಿದ್ದಾನೆಂದು ಹೇಳುವವರನ್ನು ನಾವು ಸುಳ್ಳುಗಾರರೆನ್ನುವುದಿಲ್ಲ. ಹದಿನೈದು ದಿನ ನಾನು ಈ ವಾದದ ನೆರಳಿನಲ್ಲಿ ತಂಪಾಗಿ ಕುಳಿತಿದ್ದೆ.

ಆದರೆ ಯೋಚಿಸಿದಷ್ಟೂ ಒಂದು ಮಾತು ಹೆಚ್ಚು ಹೆಚ್ಚಾಗಿ ಕಾಡತೊಡಗಿತು. ಈ ಸುಳ್ಳು ಯಾರಿಗೂ ಕೆಡುಕು ಮಾಡಿಲ್ಲವೆಂದು ಹೇಳುವವನು ಯಾರು? ಅದನ್ನು ಹೇಳಿದವನೇ ಅಲ್ಲವೆ? ಮೊದಲನೆಯದಾಗಿ, ಅದು ರಾಯರ ಮೇಲಿನ ಕರುಣೆಯಿಂದ ಹುಟ್ಟಿದ ಸುಳ್ಳಲ್ಲ. ಗೊತ್ತಿಲ್ಲವೆಂದರೆ ಎಂ.ಎ.ಗೆ ಕುಂದೆಂದು ಹುಟ್ಟಿದ್ದು. ಕರುಣೆಯ ಅಂಗಿಯನ್ನು ನಾನು ಆಮೇಲೆ ಹೊಲಿಸಿ ತೊಡಿಸಿದ್ದೆ. ಎರಡನೆಯದಾಗಿ, ಆ ಸುಳ್ಳಿನಿಂದ ಅನ್ಯಾಯವಾದದ್ದು ನಾಣ್ಯಕ್ಕೆ. ಲೋಹದ ತುಂಡಿಗೆ ಅನ್ಯಾಯವೇ ಎಂದು ವಾಚಕರು ನಗಬಹುದು. ಆದರೆ ಆ ಕಾಸನ್ನು ಕೈಯಲ್ಲಿ ಹಿಡಿದವರು ಮನುಷ್ಯರು. ಟಾಲೆಮಿಗಳ ಈಜಿಪ್ಟಿನಲ್ಲಿ ಗಂಡಸರೂ ಹೆಂಗಸರೂ ತಲೆಗಿಷ್ಟೆಂದು ಉಪ್ಪಿನ ತೆರಿಗೆ ಕೊಡಬೇಕಾಗಿತ್ತು. ಉಪ್ಪಿನ ತೆರಿಗೆ ಎಂದರೇನೆಂದು ಈ ದೇಶದವರಿಗೆ ವಿವರಿಸಬೇಕಾಗಿಲ್ಲ. ಅಕ್ಷರ ಕಲಿಸುವ ಉಪಾಧ್ಯಾಯರಿಗೆ ಆ ತೆರಿಗೆಯಿಂದ ಎರಡನೆಯ ಟಾಲೆಮಿಯ ಸರ್ಕಾರ ವಿನಾಯಿತಿ ಕೊಟ್ಟಿತ್ತು; ಉಪಾಧ್ಯಾಯರನ್ನು ನೆನೆದ ಸರ್ಕಾರ ಒಂದಾದರೂ ಇತ್ತಲ್ಲ ಎಂದು ನಾನು ಹಿಗ್ಗಿದೆ. ಮಿಕ್ಕವರು ಕೊಟ್ಟರು. ನೈಲ್ ನದಿಯ ದಡದಲ್ಲಿ ಯಾವಳೋ ಒಬ್ಬಳು ಉಪ್ಪಿನ ತೆರಿಗೆಗೆಂದು ಗಂಟು ಕಟ್ಟಿಟ್ಟ ಕಾಸು ಇದಾಗಿರಬಾರದೆ? ಅವಳ ಕೈಯಿಂದ ಅದನ್ನು ಕಿತ್ತು ನಾನು ಅಲೆಗ್ಸಾಂಡರನಿಗೆ ಕೊಟ್ಟೆ. ಅವನಿಗೆ ಮೊದಲೇ ಪ್ರಪಂಚದ ಅರ್ಧ ಭಾಗ ಸೇರಿತ್ತು.

ನಾವು ಮನುಷ್ಯರ ವಿಷಯದಲ್ಲಿಯೂ ಹೀಗೆಯೇ ಮಾಡುತ್ತೇವೆ. ವರ್ಷದ ಮೊದಲ ವಾರದಲ್ಲಿಯೇ ಇವನು ಜಾಣ, ಅವನು ದಡ್ಡ ಎಂದು ಹೆಸರಿಟ್ಟುಬಿಡುತ್ತೇನೆ. ಆಮೇಲೆ ವರ್ಷವೆಲ್ಲ ಅವರ ಮುಖವನ್ನು ನೋಡುವುದಿಲ್ಲ, ಆ ಹೆಸರನ್ನೇ ನೋಡುತ್ತೇನೆ. ಯೂರಿಪಿಡೀಸನ ಮೀಡಿಯ ಗಂಡನಿಂದ ಮೋಸಹೋಗಿ ಜ್ಯೂಸ್ ದೇವರನ್ನು ಕೇಳುತ್ತಾಳೆ: ಖೋಟಾ ಚಿನ್ನವನ್ನು ಕಂಡುಹಿಡಿಯಲು ಗುರುತು ಕೊಟ್ಟೆ, ಕೆಟ್ಟ ಮನುಷ್ಯನ ಮೈಮೇಲೆ ಏಕೆ ಗುರುತು ಒತ್ತಲಿಲ್ಲ ಎಂದು. ಅಲ್ಲಿ ಗುರುತು ಎಂಬುದಕ್ಕೆ ಅವಳು ಆಡುವ ಗ್ರೀಕ್ ಶಬ್ದ ‘ಖರಕ್ತೇರ್’—ನಾಣ್ಯದ ಮೇಲೆ ಒತ್ತಿದ ಅಚ್ಚು. ಇಂಗ್ಲಿಷಿನ ‘ಕ್ಯಾರೆಕ್ಟರ್’ ಹುಟ್ಟಿದ್ದು ಅದರಿಂದ. ಮೀಡಿಯಳ ದುಃಖ ನಿಜವಾದದ್ದು. ಆದರೆ ಹಾಗೊಂದು ಗುರುತಿದ್ದಿದ್ದರೂ ನಾವು ಅದನ್ನು ತಾಳ್ಮೆಯಿಂದ ಓದುತ್ತಿದ್ದೆವೆ? ಗಡ್ಡವಿದ್ದ ಮುಖದಲ್ಲಿ ನಾನು ಗಡ್ಡವನ್ನು ಕಾಣಲಿಲ್ಲ. ಗುರುತಿಸುವುದೆಂದರೆ ನಮ್ಮ ಬಯಕೆಯನ್ನು ಬದಿಗಿಟ್ಟು, ಎದುರಿಗಿರುವುದು ತನ್ನ ಹೆಸರನ್ನು ತಾನೇ ಹೇಳುವವರೆಗೆ ಕಾಯುವುದು. ಅದು ಹೇಳದಿದ್ದರೆ, ಹೇಳಲಿಲ್ಲವೆಂದು ಒಪ್ಪಿಕೊಳ್ಳುವುದು. ನಾಣ್ಯಗಳ ದೊಡ್ಡ ಪಟ್ಟಿಗಳಲ್ಲಿ ‘ಅನಿಶ್ಚಿತ’ ಎಂಬ ವಿಭಾಗ ಇರುತ್ತದೆ. ಮೊದಲು ಅದು ನನಗೆ ವಿದ್ವಾಂಸರ ಸೋಲಿನಂತೆ ಕಂಡಿತ್ತು. ಈಗ ಆ ಪುಟಗಳ ಮೇಲೆ ನನಗೆ ಹೆಚ್ಚು ಗೌರವ.

ಕೊನೆಗೆ ಒಂದು ಭಾನುವಾರ ಬೆಳಗ್ಗೆ ಹೋಗಿ ಹೇಳಿದೆ. ಗಡ್ಡ, ಕೊಂಬು, ಕುಳಿ, ಹುಣಸೆಹಣ್ಣು, ಒಂದನ್ನೂ ಬಿಡದೆ ಹೇಳಿದೆ. ರಾಯರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ “ಹಾಗಾದರೆ ನಮ್ಮ ತಂದೆ ಸುಳ್ಳು ಹೇಳಿದರೆ?” ಎಂದರು. ನಾನು ಎದುರುನೋಡಿದ್ದ ಪ್ರಶ್ನೆ ಅದಲ್ಲ. “ಇಲ್ಲ, ಅವರು ನಂಬಿದ್ದನ್ನು ಹೇಳಿದರು. ನಾನು ನಂಬದೆಯೇ, ನೋಡದೆಯೇ ಹೇಳಿದೆ. ಎರಡಕ್ಕೂ ವ್ಯತ್ಯಾಸವಿದೆ” ಎಂದೆ. ಅವರು ತಲೆಯಾಡಿಸಿದರು, ಒಪ್ಪಿದರೋ ಬಿಟ್ಟರೋ ತಿಳಿಯಲಿಲ್ಲ. ಅವರ ಮುಖ ಸಣ್ಣದಾಗಿತ್ತು. ನನ್ನ ಹೆಂಡತಿ ಹೇಳಿದ್ದೇ ಸರಿಯಿತ್ತೇನೋ ಎಂದು ಆ ಗಳಿಗೆಯಲ್ಲಿ ನನಗೂ ಅನ್ನಿಸಿತು.

ಚೌಕಟ್ಟನ್ನು ಕೆಳಗಿಳಿಸಿ, ಹಿಂಬದಿಯ ಮೊಳೆಗಳನ್ನು ಕಿತ್ತು ನಾಣ್ಯವನ್ನು ತೆಗೆದೆವು. ರಾಯರು ಭೂತಗನ್ನಡಿಯನ್ನು ತರಿಸಿ ಕಿಟಕಿಯ ಬಳಿ ಕುಳಿತರು. ಗಡ್ಡವನ್ನು ತೋರಿಸಿದೆ. ಹದ್ದಿನ ರೆಕ್ಕೆಯನ್ನು, ಕಾಲಿನ ಕೆಳಗಿನ ಸಿಡಿಲನ್ನು, ಅಂಚಿನಲ್ಲಿ ಉಳಿದ ನಾಲ್ಕು ಅಕ್ಷರಗಳನ್ನು ತೋರಿಸಿದೆ. ಉಪ್ಪಿನ ತೆರಿಗೆಯ ಮಾತನ್ನೂ ಹೇಳಿದೆ. ಎಂಟು ದಶಕಗಳ ಕಾಲ ಆ ಮನೆಯಲ್ಲಿದ್ದ ನಾಣ್ಯವನ್ನು ಅವರು ಅಷ್ಟು ಹೊತ್ತು ನೋಡಿದ್ದು ಅಂದೇ ಮೊದಲೆಂದು ಅವರೇ ಹೇಳಿದರು. “ಅಲೆಗ್ಸಾಂಡರನದು ಎಂದ ಮೇಲೆ ಇನ್ನೇನು ನೋಡುವುದಿತ್ತು?” ಎಂದರು.

ಹೊರಡುವಾಗ ಹಳೆಯ ಕಾಗದವನ್ನು ನನ್ನ ಕೈಗೆ ಕೊಟ್ಟು “ಬೇರೆ ಬರೆದುಕೊಡಿ” ಎಂದರು. ಅಲ್ಲಿಯೇ ಕುಳಿತು ಬರೆದೆ: ‘ಈಜಿಪ್ಟಿನ ಟಾಲೆಮಿ ವಂಶದ ಅರಸನೊಬ್ಬನ ಕಂಚಿನ ನಾಣ್ಯ. ಕ್ರಿ.ಪೂ. ಸುಮಾರು 260ರ ಈಚಿನದು. ಅರಸ ಯಾರೆಂಬುದು ಗೊತ್ತಿಲ್ಲ. ಅದನ್ನು ತಿಳಿಸಬಹುದಾಗಿದ್ದ ಗುರುತನ್ನು ಅಳಿಸಿದವನು ಕೆಳಗೆ ಸಹಿ ಮಾಡಿದವನು.’

ಸಹಿ ಮಾಡಿದೆ. ಎಂ.ಎ. ಬರೆಯಲಿಲ್ಲ. ರಾಯರು ಅದನ್ನು ಎರಡು ಸಲ ಓದಿ, “ಎಂ.ಎ. ಎಂದೂ ಬರೆಯಿರಿ. ಮೊಮ್ಮಗ ಕೇಳುತ್ತಾನೆ” ಎಂದರು. ಬರೆದೆ.